ಐಬಿಎಂ ಐ ಮೆಸೇಜ್‌ಗಳು: ಯುನಿಕ್ಸ್‌ನಿಂದ ಬಂದವರಿಗೆ ದೋಷ ಹುಡುಕುವ ಕೈಪಿಡಿ

ಯುನಿಕ್ಸ್‌ನಲ್ಲಿ ಪ್ರೋಗ್ರಾಂ ಕೈಕೊಟ್ಟರೆ ಒಂದು ಅಂಕಿ ಬಿಟ್ಟು ಹೋಗುತ್ತದೆ. ಎಕ್ಸಿಟ್ ಕೋಡ್ ಸೊನ್ನೆಯೋ ಅಲ್ಲವೋ, ಎರ್‌ನೋ ಎಷ್ಟು ಎಂದು ನೋಡುವುದು ಬಿಡುವುದು ಕರೆದವರ ಇಷ್ಟ. ನೋಡದೆ ಮುಂದೆ ಹೋದರೂ ಯಾರೂ ತಡೆಯುವುದಿಲ್ಲ. ಐಬಿಎಂ ಐ ಎಂಬ, ಐಬಿಎಂ ಕಂಪನಿಯ ಸರ್ವರ್ ಆಪರೇಟಿಂಗ್ ಸಿಸ್ಟಂನಲ್ಲಿ ಹಾಗಲ್ಲ. ಸೋತ ಪ್ರೋಗ್ರಾಂ ಒಂದು ಮೆಸೇಜನ್ನು ತನ್ನನ್ನು ಕರೆದ ಪ್ರೋಗ್ರಾಂನ ಕ್ಯೂಗೆ ಎಸೆಯುತ್ತದೆ. ಅಲ್ಲಿ ಹಿಡಿಯುವವರು ಇಲ್ಲದಿದ್ದರೆ ಅದು ಕಾಲ್ ಸ್ಟ್ಯಾಕ್‌ನಲ್ಲಿ ಮೇಲೇರುತ್ತದೆ. ಯಾರೂ ಹಿಡಿಯದಿದ್ದರೆ ಜಾಬ್ (ಯುನಿಕ್ಸ್ ಪ್ರೊಸೆಸ್‌ನಂಥದ್ದು) ಬೀಳುತ್ತದೆ, ಇಲ್ಲವೇ ನಿಂತು ಮನುಷ್ಯರ ಉತ್ತರಕ್ಕೆ ಕಾಯುತ್ತದೆ. ಹಾಗಾಗಿ ಇಲ್ಲಿ ದೋಷ ಹುಡುಕುವುದೆಂದರೆ ಜಾಬ್‌ಲಾಗ್ (ಜಾಬ್ ಓಡುವಾಗ ಬಂದ ಮೆಸೇಜ್‌ಗಳ ದಾಖಲೆ) ಓದುವುದು, ಅದನ್ನೂ ಕೊನೆಯ ಸಾಲಿನಿಂದ ಹಿಮ್ಮುಖವಾಗಿ ಓದುವುದು.

ಆಜ್ಞೆಗಳ ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿನ ಆಜ್ಞೆಗಳು ತುಂಡಕ್ಷರಗಳ ಜೋಡಣೆ: ಡಿಎಸ್‌ಪಿ ಎಂದರೆ ತೋರಿಸು, ಡಬ್ಲ್ಯುಆರ್‌ಕೆ ಎಂದರೆ ಪಟ್ಟಿ ತೆಗೆದು ಕೆಲಸ ಮಾಡು, ಸಿಎಚ್‌ಜಿ ಎಂದರೆ ಬದಲಿಸು, ಎಸ್‌ಎನ್‌ಡಿ ಎಂದರೆ ಕಳಿಸು, ಎಂಎಸ್‌ಜಿ ಎಂದರೆ ಮೆಸೇಜ್. ಓದಲು ಸುಲಭವಾಗಲೆಂದು ನಡುವೆ ಅಡ್ಡಗೆರೆ ಹಾಕಿದೆ. ಟೈಪ್ ಮಾಡುವಾಗ ಅಡ್ಡಗೆರೆ ಬೇಡ. ಪ್ಯಾರಾಮೀಟರ್‌ಗಳು ಮರೆತರೆ ಆಜ್ಞೆಯ ಹೆಸರು ಬರೆದು ಎಫ್4 ಒತ್ತಿ. ಈ ವಿಷಯದಲ್ಲಿ ಮ್ಯಾನ್ ಪೇಜಿಗಿಂತ ಇದೇ ವಾಸಿ.

ಮೆಸೇಜ್ ಐಡಿ ಯಾವಾಗಲೂ ಏಳು ಅಕ್ಷರ: ಮೂರಕ್ಷರದ ಮುನ್ನುಡಿ, ನಾಲ್ಕು ಹೆಕ್ಸ್ ಅಂಕಿ. ಮುನ್ನುಡಿ ನೋಡಿದರೇ ಅರ್ಧ ರೋಗ ತಿಳಿಯುತ್ತದೆ. ಸಿಪಿಎಫ್ ಎಂದರೆ ಆಪರೇಟಿಂಗ್ ಸಿಸ್ಟಂ ಹೇಳುತ್ತಿರುವುದು (1978ರಲ್ಲಿ ಪ್ರಕಟವಾದ ಸಿಸ್ಟಂ/38ರ ಓಎಸ್ ಹೆಸರೇ ಸಿಪಿಎಫ್, 1988ರಲ್ಲಿ ಎಎಸ್/400 ಬಂದು, 2008ರಲ್ಲಿ ಐಬಿಎಂ ಐ ಎಂದಾದರೂ ಮುನ್ನುಡಿ ಮಾತ್ರ ಹಾಗೇ ಉಳಿದಿದೆ). ಸಿಪಿಡಿ ಎಂದರೆ ಕಾರಣ ಹೇಳುವ ಡಯಾಗ್ನಾಸ್ಟಿಕ್, ಸಿಪಿಸಿ ಎಂದರೆ ಕೆಲಸ ಮುಗಿಯಿತೆಂಬ ಸುದ್ದಿ, ಸಿಪಿಎ ಎಂದರೆ ಉತ್ತರ ಬೇಡುವ ಪ್ರಶ್ನೆ. ಸಿಪಿಇ ನಿಮ್ಮ ಹಳೆಯ ಪರಿಚಯದ ಎರ್‌ನೋ. ಎಂಸಿಎಚ್ ಅಂದರೆ ಯಂತ್ರದ ಮಟ್ಟದಲ್ಲೇ ಪೆಟ್ಟು ಬಿದ್ದಿದೆ. ಆರ್‌ಎನ್‌ಎಕ್ಸ್ ಮತ್ತು ಆರ್‌ಎನ್‌ಕ್ಯು ಆರ್‌ಪಿಜಿಯವು (ಇಲ್ಲಿ ಹೆಚ್ಚು ಬಳಕೆಯ ವ್ಯವಹಾರ ಪ್ರೋಗ್ರಾಮಿಂಗ್ ಭಾಷೆ), ಸಿಇಇ ಐಎಲ್‌ಇ (ಹಲವು ಭಾಷೆಗಳ ಪ್ರೋಗ್ರಾಂಗಳು ಒಟ್ಟಿಗೆ ಓಡುವ ಪರಿಸರ) ರನ್‌ಟೈಮ್‌ನದು.

## ಲಕ್ಷಣ: ಜಾಬ್ ಸತ್ತಿಲ್ಲ, ಓಡುತ್ತಲೂ ಇಲ್ಲ

ಯುನಿಕ್ಸ್ ಕೈ ಇಲ್ಲಿ ನೇರವಾಗಿ ಕಿಲ್ ಕಡೆಗೆ ಹೋಗುತ್ತದೆ. ತಡೆಯಿರಿ. ಡಬ್ಲ್ಯುಆರ್‌ಕೆ-ಆ್ಯಕ್ಟ್-ಜಾಬ್ ತೆರೆದು ಸ್ಟೇಟಸ್ ಕಾಲಂ ನೋಡಿ.

ಅಲ್ಲಿ ಎಂಎಸ್‌ಜಿಡಬ್ಲ್ಯು ಎಂದಿದ್ದರೆ ಜಾಬ್ ಹ್ಯಾಂಗ್ ಆಗಿಲ್ಲ, ನಿಮ್ಮ ಉತ್ತರಕ್ಕೆ ಕಾಯುತ್ತಿದೆ. ಆ ಸಾಲಿನಲ್ಲಿ 7 ಹಾಕಿ ಎಂಟರ್ ಒತ್ತಿದರೆ ಪ್ರಶ್ನೆ ಕಾಣುತ್ತದೆ. ಬ್ಯಾಚ್ ಜಾಬ್‌ನ ಪ್ರಶ್ನೆ ಕ್ಯುಸಿಸ್‌ಆಪರ್ ಎಂಬ ಆಪರೇಟರ್ ಕ್ಯೂಗೆ ಹೋಗಿರುತ್ತದೆ. ಡಿಎಸ್‌ಪಿ-ಎಂಎಸ್‌ಜಿ ಆಜ್ಞೆಗೆ ಆ ಕ್ಯೂ ಹೆಸರು ಕೊಟ್ಟರೂ ಸಿಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಬೇರೆ ಖಂಡದ ರಾತ್ರಿ ಬ್ಯಾಚ್ ಕಾಯುವವರಿಗೆ ಪಾಳಿಯ ಮೊದಲ ಕೆಲಸವೇ ಈ ಕ್ಯೂ ನೋಡುವುದು.

ಉತ್ತರ ಕೊಡುವ ಮುನ್ನ ಪ್ರಶ್ನೆಯ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ಎರಡನೇ ಹಂತದ ಪಠ್ಯದಲ್ಲಿ ಕಾರಣ, ಪರಿಹಾರ, ಪ್ರತಿ ಅಕ್ಷರದ ಅರ್ಥ ಎಲ್ಲ ಇರುತ್ತದೆ. ಸಿಎಲ್ (ಇಲ್ಲಿನ ಆಜ್ಞಾಭಾಷೆ, ಶೆಲ್ ಸ್ಕ್ರಿಪ್ಟಿನಂಥದ್ದು) ಪ್ರೋಗ್ರಾಂನಿಂದ ಬರುವ ಸಿಪಿಎ 0701 ಅಥವಾ 0702 ನಾಲ್ಕು ಆಯ್ಕೆ ಕೊಡುತ್ತದೆ: ಸಿ ರದ್ದು, ಡಿ ಡಂಪ್ ತೆಗೆದು ರದ್ದು, ಐ ಆ ಆಜ್ಞೆಯನ್ನು ಬಿಟ್ಟು ಮುಂದಿನದಕ್ಕೆ, ಆರ್ ಮತ್ತೆ ಪ್ರಯತ್ನ. ಆರ್‌ಪಿಜಿಯ ಆರ್‌ಎನ್‌ಕ್ಯು 0202 ಬಂದರೆ, ಅದು ಕರೆದ ಇನ್ನೊಂದು ಪ್ರೋಗ್ರಾಂ ಬಿದ್ದಿದೆ ಎಂದಷ್ಟೇ ಅರ್ಥ. ಅಲ್ಲಿ ಜಿ ಎಂದರೆ ಆರ್‌ಪಿಜಿಯ ಓದು-ಲೆಕ್ಕ-ಬರೆ ಸುತ್ತಿನ (ಸೈಕಲ್) ಆರಂಭಕ್ಕೆ ಹೋಗಿ ಮುಂದಿನ ರೆಕಾರ್ಡ್ ಓದು.

ಎಚ್ಚರಿಕೆ: ಐ ಮತ್ತು ಜಿ ಒತ್ತಿದರೆ ಜಾಬ್ ಓಡುತ್ತದೆ, ಸರಿ, ಆದರೆ ಸೋತ ಹೆಜ್ಜೆ ನಡೆದೇ ಇಲ್ಲ. ಫೈಲ್ ನಕಲು ಮಾಡುವ ಆಜ್ಞೆ ಸೋತು, ಮುಂದಿನ ಆಜ್ಞೆ ಮೂಲ ಫೈಲನ್ನು ಖಾಲಿ ಮಾಡುವುದಾಗಿದ್ದರೆ ಐ ಒತ್ತಿದ ಕ್ಷಣಕ್ಕೆ ಡೇಟಾ ಹೋಯಿತು. ಸಿ ಕೂಡ ಸಂಪೂರ್ಣ ಸುರಕ್ಷಿತವಲ್ಲ. ಕಮಿಟ್‌ಮೆಂಟ್ ಕಂಟ್ರೋಲ್ (ಅರ್ಧ ಆದದ್ದನ್ನು ಹಿಂದಕ್ಕೆ ತೆಗೆಯುವ ವ್ಯವಸ್ಥೆ) ಇಲ್ಲದ ಫೈಲುಗಳಲ್ಲಿ ಅರ್ಧ ಆದ ಬದಲಾವಣೆ ಅರ್ಧಕ್ಕೇ ಉಳಿಯುತ್ತದೆ. ಅಪ್ಲಿಕೇಶನ್ ಗೊತ್ತಿರುವವರು ಸಿಗುವ ತನಕ ಜಾಬ್ ಎಂಎಸ್‌ಜಿಡಬ್ಲ್ಯುನಲ್ಲೇ ಇರಲಿ. ಅದು ಹಿಡಿದಿರುವ ಲಾಕ್‌ಗಳಿಗಾಗಿ ಬೇರೆ ಜಾಬ್‌ಗಳು ಕಾಯುತ್ತಿಲ್ಲವಾದರೆ, ಕಾದಷ್ಟು ಹೊತ್ತೂ ಹೊಸ ನಷ್ಟವಿಲ್ಲ.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಸಿಪಿಎ 5305. ರೆಕಾರ್ಡ್ ಸೇರಿಸಲಾಗಲಿಲ್ಲ, ಮೆಂಬರ್ (ಫೈಲಿನೊಳಗೆ ಡೇಟಾ ಇರುವ ಭಾಗ) ತುಂಬಿದೆ ಎನ್ನುತ್ತದೆ. ಡಿಸ್ಕ್ ನೋಡಿದರೆ ಬೇಕಾದಷ್ಟು ಜಾಗ ಖಾಲಿ! ಕಾರಣ ಡಿಸ್ಕ್ ಅಲ್ಲ. ಫಿಸಿಕಲ್ ಫೈಲ್ ಸೃಷ್ಟಿಸುವಾಗ ಗಾತ್ರ ಹೇಳದಿದ್ದರೆ ಸಿಸ್ಟಂ 10000 ರೆಕಾರ್ಡ್ ಕೊಡುತ್ತದೆ, ತುಂಬಿದಾಗ 1000ದಂತೆ 3 ಸಲ ಹಿಗ್ಗಿಸುತ್ತದೆ. 13000 ತುಂಬಿ ಇನ್ನೊಂದು ಸೇರಿಸಹೊರಟಾಗ ಪ್ರಶ್ನೆ ಏಳುತ್ತದೆ. ಬೆಳೆಯಬೇಕಾದ ಫೈಲೇ ಹೌದಾದರೆ ಐ (ಇಲ್ಲಿ ಅದರ ಅರ್ಥ ಬಿಡುವುದಲ್ಲ, ಹಿಗ್ಗಿಸುವುದು) ಎಂದು ಉತ್ತರಿಸಿ ಇನ್ನೊಂದು ಕಂತು ಹಿಗ್ಗಿಸಿ, ಜಾಬ್ ಮುಗಿದ ಮೇಲೆ ಸಿಎಚ್‌ಜಿ-ಪಿಎಫ್ ಆಜ್ಞೆಯಲ್ಲಿ ಸೈಜ್‌ಗೆ *ನೋಮ್ಯಾಕ್ಸ್ (ಮಿತಿ ಇಲ್ಲ) ಕೊಡಿ. ಬೆಳೆಯಬಾರದ ಫೈಲ್ ತುಂಬಿದ್ದರೆ ಯಾವುದೋ ಲೂಪ್ ಸುತ್ತುತ್ತಿದೆ. ಆಗ ಐ ಒತ್ತುತ್ತಾ ಕೂರಬೇಡಿ, ಸಿ ಒತ್ತಿ. ಎಸ್‌ಕ್ಯುಎಲ್‌ನಲ್ಲಿ ಸೃಷ್ಟಿಸಿದ ಟೇಬಲ್‌ಗಳಿಗೆ ಈ ಮಿತಿಯ ಕಾಟವಿಲ್ಲ.

ಸ್ಟೇಟಸ್ ಎಲ್‌ಸಿಕೆಡಬ್ಲ್ಯು ಇದ್ದರೆ ಅದು ಮೆಸೇಜ್ ಅಲ್ಲ, ಲಾಕ್. ಡಬ್ಲ್ಯುಆರ್‌ಕೆ-ಒಬಿಜೆ-ಎಲ್‌ಸಿಕೆ ಅಥವಾ ರೆಕಾರ್ಡ್ ಮಟ್ಟದಲ್ಲಾದರೆ ಡಿಎಸ್‌ಪಿ-ಆರ್‌ಸಿಡಿ-ಎಲ್‌ಸಿಕೆ ಹಾಕಿ ಯಾರು ಹಿಡಿದಿದ್ದಾರೆ ನೋಡಿ. ರೆಕಾರ್ಡ್ ಲಾಕ್‌ಗೆ ಸಾಮಾನ್ಯ ಕಾಯುವಿಕೆ 60 ಸೆಕೆಂಡ್. ಅದು ದಾಟಿದರೆ ಸಿಪಿಎಫ್ 5027 ಬರುತ್ತದೆ, ಹಿಡಿದ ಜಾಬ್‌ನ ಹೆಸರು ಅದರಲ್ಲೇ ಇರುತ್ತದೆ.

## ಲಕ್ಷಣ: ಲಾಗ್‌ನಲ್ಲಿ ಸಿಪಿಎಫ್ 9999 ಕಾಣುತ್ತಿದೆ

ಸಿಪಿಎಫ್ 9999 ಕಾರಣವಲ್ಲ, ಮರಣಪತ್ರ. ಯಾರೋ ಎಸೆದ ಎಸ್ಕೇಪ್ (ಕೆಲಸ ಸೋತಿತೆಂದು ಕರೆದವರಿಗೆ ಹೇಳುವ) ಮೆಸೇಜನ್ನು ಯಾರೂ ಹಿಡಿಯಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದರ ಹೆಸರಾದ ಫಂಕ್ಷನ್ ಚೆಕ್ ಎಂದು ಗೂಗಲ್ ಮಾಡಿ ಕೂತರೆ ದಿನ ಹೋಗುತ್ತದೆ.

ಹೀಗೆ ಮಾಡಿ. ಡಿಎಸ್‌ಪಿ-ಜಾಬ್‌ಲಾಗ್ ಕೊಡಿ. ಮೊದಲ ಪರದೆಯಲ್ಲಿ ಏನೂ ಇಲ್ಲವೆನಿಸಿದರೆ ಗಾಬರಿ ಬೇಡ. ಎಫ್10 ಒತ್ತಿದಾಗ ಮಾತ್ರ ವಿವರದ ಮೆಸೇಜ್‌ಗಳು ಬರುತ್ತವೆ. ಎಫ್18 ಒತ್ತಿ ತಳಕ್ಕೆ ಹೋಗಿ. 9999 ಸಿಕ್ಕಿದ ಮೇಲೆ ಒಂದೊಂದೇ ಸಾಲು ಮೇಲಕ್ಕೆ ಬನ್ನಿ. ಮೊದಲು ಸಿಗುವ ಎಸ್ಕೇಪ್ ಮೆಸೇಜ್‌ನ ಮೇಲೆ ಎಫ್1, ಆಮೇಲೆ ಎಫ್9. ಎಫ್9ರ ಪರದೆಯಲ್ಲಿ ಕಳಿಸಿದ ಪ್ರೋಗ್ರಾಂ, ಪಡೆದ ಪ್ರೋಗ್ರಾಂ, ಎರಡರಲ್ಲೂ ಸ್ಟೇಟ್‌ಮೆಂಟ್ ಅಥವಾ ಇನ್‌ಸ್ಟ್ರಕ್ಷನ್ ಸಂಖ್ಯೆ ಇರುತ್ತದೆ. ನಿಮ್ಮ ಕೋಡಿನ ಸಾಲು ಸಿಗುವುದು ಪಡೆದವರ ಕಡೆ. ಕಳಿಸಿದವರು ಬಹುತೇಕ ಸಿಸ್ಟಂನ ಕ್ಯು ಅಕ್ಷರದಿಂದ ಶುರುವಾಗುವ ಯಾವುದೋ ಪ್ರೋಗ್ರಾಂ, ಅದರ ತಪ್ಪೇನಿಲ್ಲ.

ಅಲ್ಲಿಗೂ ನಿಲ್ಲಬೇಡಿ. ಎಷ್ಟೋ ಎಸ್ಕೇಪ್‌ಗಳು ಖಾಲಿ ಮಾತಿನವು. ಕ್ಯುಸಿಎಂಡಿಎಕ್ಸ್‌ಸಿ ಮೂಲಕ ಆಜ್ಞೆ ಓಡಿಸಿ ಸೋತರೆ ಬರುವ ಸಿಪಿಎಫ್ 0006, ಆಜ್ಞೆಯಲ್ಲಿ ದೋಷವಿದೆ ಎನ್ನುತ್ತದೆ, ಅಷ್ಟೇ. ಅದರ ಸ್ವಲ್ಪ ಮೇಲೆ ಸಿಪಿಡಿ 0030 ಕೂತಿರುತ್ತದೆ: ಈ ಆಜ್ಞೆ ಲೈಬ್ರರಿ ಪಟ್ಟಿಯಲ್ಲಿ (ಸಿಸ್ಟಂ ಹುಡುಕುವ ಜಾಗಗಳ ಪಟ್ಟಿ) ಸಿಗಲಿಲ್ಲ. ಅಥವಾ ಸಿಪಿಡಿ 0043: ಈ ಕೀವರ್ಡ್ ಈ ಆಜ್ಞೆಗೆ ಸಲ್ಲದು. ನಿಜವಾದ ಸುದ್ದಿ ಅದು. ಡಯಾಗ್ನಾಸ್ಟಿಕ್ ಮೊದಲು, ಎಸ್ಕೇಪ್ ಆಮೇಲೆ, 9999 ಕೊನೆಗೆ, ಕಾಲಕ್ರಮ ಇದು. ಮೊದಲ ಕಾರಣ ಸಿಗಬೇಕಾದರೆ ಓದು ಹಿಂದುಮುಂದಾಗಲೇಬೇಕು.

9999ರ ಕೆಳಗೆ ಸಿಇಇ 9901 ಇದ್ದರೆ ಆ್ಯಕ್ಟಿವೇಶನ್ ಗ್ರೂಪ್‌ನ (ಜಾಬ್‌ನೊಳಗೆ ಪ್ರೋಗ್ರಾಂಗಳು ಓಡುವ ಪ್ರತ್ಯೇಕ ಆವರಣ) ಗಡಿ ದಾಟಿದೆ ಎಂದು ತಿಳಿಯಿರಿ. ಐಎಲ್‌ಇಯಲ್ಲಿ ಹಿಡಿಯುವವರಿಲ್ಲದ ಎಸ್ಕೇಪ್ ಕಂಟ್ರೋಲ್ ಬೌಂಡರಿ ತನಕ ಮೇಲೇರಿ 9999 ಆಗುತ್ತದೆ. ಅದನ್ನೂ ಯಾರೂ ಹಿಡಿಯದಿದ್ದರೆ ಗಡಿಯ ತನಕದ ಎಲ್ಲ ಕರೆಗಳನ್ನೂ ಮುಗಿಸಿ, ಗಡಿಯಾಚೆ ಕರೆದವರಿಗೆ 9901 ಒಂದನ್ನೇ ಕಳಿಸುತ್ತದೆ. ಹಾಗಾಗಿ ಹೊರಗಿನ ಪ್ರೋಗ್ರಾಂನಲ್ಲಿ ಸಿಪಿಎಫ್ 9801 ಬರುತ್ತದೆಂದು ಕಾದು ಕೂತ ಬಲೆಗೆ ಅದು ಬೀಳುವುದೇ ಇಲ್ಲ. ಒಳಗಿನ ಪ್ರೋಗ್ರಾಂ ಅನ್ನು *ನ್ಯೂ ಆ್ಯಕ್ಟಿವೇಶನ್ ಗ್ರೂಪ್‌ನೊಂದಿಗೆ ಸೃಷ್ಟಿಸಿದ್ದಾರೆಯೇ ಎಂದು ನೋಡಿ. ಕರೆದವರ ಗ್ರೂಪ್‌ನಲ್ಲೇ ಓಡಿಸುವ *ಕಾಲರ್ ಸಾಕಾಗುವಲ್ಲಿ *ನ್ಯೂ ಹಾಕಿದ್ದರೆ ಬದಲಿಸಿ.

## ಲಕ್ಷಣ: ಪ್ರೋಗ್ರಾಂ ಚೆನ್ನಾಗಿ ಮುಗಿಯಿತು, ಕೆಲಸ ಮಾತ್ರ ಆಗಿಲ್ಲ

ಮೊದಲು ಸೋರ್ಸ್‌ನಲ್ಲಿ ಮಾನ್-ಎಂಎಸ್‌ಜಿ (ಮೆಸೇಜ್ ಹಿಡಿಯುವ ಆಜ್ಞೆ) ಹುಡುಕಿ. ಪ್ರೋಗ್ರಾಂ ಮೇಲ್ಭಾಗದಲ್ಲೇ ಸಿಪಿಎಫ್ 0000 ಎಂದು ಒಂದು ಸಾಲು ಇದ್ದರೆ ಉತ್ತರ ಸಿಕ್ಕಂತೆ. 0000 ಎಂದರೆ ಎಲ್ಲ ಸಿಪಿಎಫ್‌ಗಳೂ, 9800 ಎಂದರೆ 98ರಿಂದ ಶುರುವಾಗುವ ಎಲ್ಲವೂ. ಶೆಲ್‌ನಲ್ಲಿ ಎರರ್ ಔಟ್‌ಪುಟ್ಟನ್ನು ಡೆವ್ ನಲ್‌ಗೆ ಸುರಿದು ಪಕ್ಕದಲ್ಲಿ ಟ್ರೂ ಎಂದು ಬರೆದಂತೆ ಇದು. ಎಂಸಿಎಚ್ ಮುನ್ನುಡಿಯದು ಇದರಿಂದ ತಪ್ಪಿಸಿಕೊಳ್ಳುತ್ತದೆ ಎಂದುಕೊಳ್ಳಬೇಡಿ: ಎಂಸಿಎಚ್ ಹಿಡಿಯುವವರಿಲ್ಲದೆ 9999 ಆಗುತ್ತದೆ, 9999 ಕೂಡ ಸಿಪಿಎಫ್ ತಾನೆ, ಬಲೆಗೆ ಬೀಳುತ್ತದೆ. ಒಳ್ಳೆಯ ರೂಢಿ ಎಂದರೆ ನಿರೀಕ್ಷಿತ ಐಡಿಯನ್ನು ಮಾತ್ರ, ಸೋಲಬಹುದಾದ ಆಜ್ಞೆಯ ಕೆಳಗೇ ಬರೆಯುವುದು. ಹಿಡಿದದ್ದು ಜಾಬ್‌ಲಾಗ್‌ನಿಂದ ಮಾಯವಾಗುವುದಿಲ್ಲ. ಆರ್‌ಎಂವಿ-ಎಂಎಸ್‌ಜಿ ಎಂದು ಅಳಿಸಿರದಿದ್ದರೆ ಅಲ್ಲೇ ಇರುತ್ತದೆ, ಓದಿ.

ಮಾನ್-ಎಂಎಸ್‌ಜಿ ಹಿಡಿಯುವುದು ಎಸ್ಕೇಪ್, ನೋಟಿಫೈ, ಸ್ಟೇಟಸ್ ಮೂರನ್ನೇ. ಡಯಾಗ್ನಾಸ್ಟಿಕ್ ಕಳಿಸಿದರೆ ಕರೆದವರ ಹರಿವು ಬದಲಾಗುವುದಿಲ್ಲ. ಹೊಸಬರ ಸಿಎಲ್‌ನಲ್ಲಿ ಇದು ಮಾಮೂಲಿ ತಪ್ಪು: ಎಸ್‌ಎನ್‌ಡಿ-ಪಿಜಿಎಂ-ಎಂಎಸ್‌ಜಿ ಎಂದು ಬರೀ ಪಠ್ಯ ಕಳಿಸಿ ರಿಟರ್ನ್ ಆಗುತ್ತಾರೆ, ಕರೆದವರಿಗೆ ಸೋಲು ಗೊತ್ತೇ ಆಗುವುದಿಲ್ಲ. ಎಸ್ಕೇಪ್ ಕಳಿಸಬೇಕಾದರೆ ಬರೀ ಪಠ್ಯ ಸಾಲದು, ಮೆಸೇಜ್ ಫೈಲಿನಲ್ಲಿರುವ ಐಡಿ ಬೇಕು. ಸ್ವಂತ ಮೆಸೇಜ್ ಫೈಲ್ ಇಲ್ಲದವರಿಗೆಂದೇ ಕ್ಯುಸಿಪಿಎಫ್‌ಎಂಎಸ್‌ಜಿ ಫೈಲಿನಲ್ಲಿ ಸಿಪಿಎಫ್ 9897 ಮತ್ತು 9898 ಇವೆ. ನೀವು ಕೊಟ್ಟ ಪಠ್ಯವೇ ಮೆಸೇಜ್ ಆಗುತ್ತದೆ. 9898 ಕೊನೆಗೆ ತಾನೇ ಒಂದು ಚುಕ್ಕಿ ಸೇರಿಸುತ್ತದೆ, ನೀವು ಹಾಕಿದರೆ ಎರಡಾಗುತ್ತದೆ.

ಸಿ ಪ್ರೋಗ್ರಾಂ ಆದರೆ ಜಾಗ ಬೇರೆ. ಸಿಸ್ಟಂ ಫಂಕ್ಷನ್ ಇಲ್ಲಿ ಶೆಲ್ ಓಡಿಸುವುದಿಲ್ಲ, ಸಿಎಲ್ ಆಜ್ಞೆ ಓಡಿಸುತ್ತದೆ. ಕ್ಯುಶೆಲ್ (ಇಲ್ಲಿನ ಯುನಿಕ್ಸ್ ಮಾದರಿಯ ಶೆಲ್) ಬೇಕಾದರೆ ಅದಕ್ಕೆ ಬೇರೆ ಎಪಿಐ ಇದೆ. ಆಜ್ಞೆ ಸೋತರೆ ಸೊನ್ನೆಯಲ್ಲದ್ದು ವಾಪಸ್ ಬರುತ್ತದೆ. ಯಾವ ಮೆಸೇಜ್ ಎಂಬುದು ಎಸ್‌ಟಿಡಿಡೆಫ್ ಹೆಡರ್‌ನಲ್ಲಿರುವ ಎಕ್ಸ್‌ಸಿಪಿ-ಎಂಎಸ್‌ಜಿಐಡಿ ವೇರಿಯಬಲ್‌ನಲ್ಲಿ, ಏಳು ಅಕ್ಷರವಾಗಿ. ರೆಕಾರ್ಡ್ ಐಒ ಫಂಕ್ಷನ್‌ಗಳು ಸೋತಾಗ ಎರ್‌ನೋ 3101 ಅಥವಾ 3102 ಎಂದಷ್ಟೇ ಹೇಳುತ್ತದೆ: ಮೊದಲನೆಯದು ಸುಧಾರಿಸಿಕೊಳ್ಳಲಾಗದ ಐಒ ದೋಷ, ಎರಡನೆಯದು ಸುಧಾರಿಸಿಕೊಳ್ಳಬಹುದಾದದ್ದು. ಅದರಿಂದ ಏನೂ ಬಗೆಹರಿಯುವುದಿಲ್ಲ. ಆಗಲೂ ನೋಡಬೇಕಾದದ್ದು ಅದೇ ವೇರಿಯಬಲ್.

ಸಿಸ್ಟಂ ಎಪಿಐಗಳ ಎರರ್ ಕೋಡ್ ಸ್ಟ್ರಕ್ಚರ್ ಹತ್ತಿರದಿಂದ ನೋಡುವಂಥದ್ದು. ಮೊದಲ 4 ಬೈಟ್ ನೀವು ಎಷ್ಟು ಜಾಗ ಕೊಟ್ಟಿರಿ ಎಂಬುದು, ಮುಂದಿನ 4 ಬೈಟ್ ಸಿಸ್ಟಂ ಎಷ್ಟು ಮಾಹಿತಿ ಇದೆ ಎಂದಿತೆಂಬುದು, ಆಮೇಲೆ 7 ಅಕ್ಷರದ ಮೆಸೇಜ್ ಐಡಿ, ಒಂದು ಖಾಲಿ ಬೈಟ್, 16ನೇ ಬೈಟಿನಿಂದ ಮೆಸೇಜ್ ಡೇಟಾ. ಮೊದಲ ಅಂಕಿ 0 ಆದರೆ ಎಪಿಐ ಎಸ್ಕೇಪ್ ಎಸೆಯುತ್ತದೆ. 8 ಅಥವಾ ಹೆಚ್ಚಾದರೆ ಎಸೆಯದೆ ಸುಮ್ಮನೆ ಸ್ಟ್ರಕ್ಚರ್‌ನಲ್ಲಿ ಬರೆದು ಹಿಂದಿರುಗುತ್ತದೆ. ಅಂದರೆ ನೀವು ಯುನಿಕ್ಸ್ ಪದ್ಧತಿಗೆ ಮರಳಿದಿರಿ, ಪ್ರತಿ ಸಲ ಎರಡನೇ ಅಂಕಿ 0 ಹೌದೋ ಅಲ್ಲವೋ ನೋಡಲೇಬೇಕು. ಸರಿಯಾಗಿ 8 ಕೊಟ್ಟರೆ ಸೋತಿತೆಂದು ಗೊತ್ತಾಗುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಐಡಿ ಬೇಕಾದರೆ ಕನಿಷ್ಠ 16 ಕೊಡಿ. ಇನಿಶಿಯಲೈಸ್ ಮಾಡದೆ ಬಿಟ್ಟು ಅಲ್ಲಿ 1ರಿಂದ 7ರ ನಡುವಿನ ಕಸ ಕೂತಿದ್ದರೆ ಸಿಪಿಎಫ್ 3ಸಿಎಫ್1 ಬರುತ್ತದೆ. ದೊಡ್ಡ ಕಸ ಕೂತಿದ್ದರೆ ಇನ್ನೂ ಕೆಟ್ಟದ್ದು: ಎಪಿಐ ನಿಮ್ಮ ಪಕ್ಕದ ಮೆಮೊರಿಯ ಮೇಲೆ ಬರೆಯುತ್ತದೆ, ಯಾವ ಮೆಸೇಜೂ ಇಲ್ಲ.

## ಲಕ್ಷಣ: ಎರ್‌ನೋ ಸಾವಿರಗಳಲ್ಲಿದೆ

ಐಎಲ್‌ಇಯಲ್ಲಿ ಫೈಲ್ ಇಲ್ಲ ಎಂಬುದು 2 ಅಲ್ಲ, 3025. ಅನುಮತಿ ಇಲ್ಲ ಎಂಬುದು 13 ಅಲ್ಲ, 3401. ಆರ್ಗ್ಯುಮೆಂಟ್ ತಪ್ಪು 3021, ಪೋರ್ಟ್ ಆಗಲೇ ಬಳಕೆಯಲ್ಲಿದೆ 3420, ಆಚೆಯವರು ಕನೆಕ್ಷನ್ ನಿರಾಕರಿಸಿದರು 3425. ಅಂಕಿಯ ಮುಂದೆ ಸಿಪಿಇ ಸೇರಿಸಿ ಡಿಎಸ್‌ಪಿ-ಎಂಎಸ್‌ಜಿ-ಡಿ ಆಜ್ಞೆಗೆ ಕೊಟ್ಟರೆ ಪಠ್ಯ ಸಿಗುತ್ತದೆ. ಎಐಎಕ್ಸ್ ಬೈನರಿ ಓಡಿಸುವ ಪೇಸ್ ಪರಿಸರದಲ್ಲಿ ಮಾತ್ರ ಎಐಎಕ್ಸ್‌ನ ಅಂಕಿಗಳೇ, 2 ಮತ್ತು 13, ಬರುತ್ತವೆ. ಕೋಡಿನಲ್ಲಿ ಅಂಕಿ ಬರೆದು ಹೋಲಿಸಿದ್ದರೆ ಅಲ್ಲೇ ತಪ್ಪಿದೆ. ಹೆಡರ್‌ನ ಹೆಸರು ಬಳಸಿ.

## ಲಕ್ಷಣ: 5250 ಪರದೆಯಲ್ಲಿ ಓಡುತ್ತದೆ, ಎಸ್‌ಎಸ್‌ಎಚ್‌ನಲ್ಲಿ ಓಡುವುದಿಲ್ಲ

ಸಿಪಿಎಫ್ 9801 ಎಂದರೆ ಆಬ್ಜೆಕ್ಟ್ ಸಿಗಲಿಲ್ಲ, 9810 ಎಂದರೆ ಲೈಬ್ರರಿಯೇ ಸಿಗಲಿಲ್ಲ, 9812 ಎಂದರೆ ಲೈಬ್ರರಿಯಲ್ಲಿ ಫೈಲ್ ಸಿಗಲಿಲ್ಲ. ಮೂರಕ್ಕೂ ಮೊದಲು ನೋಡಬೇಕಾದದ್ದು ಲೈಬ್ರರಿ ಪಟ್ಟಿ. ಅದು ಪಾತ್ ವೇರಿಯಬಲ್‌ನ ಅಣ್ಣನಂತೆ. ಆದರೆ ಪ್ರೋಗ್ರಾಂ ಮಾತ್ರವಲ್ಲ, ಡೇಟಾ ಫೈಲನ್ನೂ ಅದರಲ್ಲೇ ಹುಡುಕುತ್ತದೆ. 5250 ಎಂಬ ಟರ್ಮಿನಲ್ ಪರದೆಯಲ್ಲಿ ಸೈನ್ ಆನ್ ಆದಾಗ ಸಿಗುವ ಪಟ್ಟಿಯೇ ಎಸ್‌ಎಸ್‌ಎಚ್‌ನಲ್ಲಿ ಇರಬೇಕೆಂದಿಲ್ಲ. ಎರಡೂ ಕಡೆ ಡಿಎಸ್‌ಪಿ-ಲಿಬ್-ಎಲ್ ಕೊಟ್ಟು ಹೋಲಿಸಿ.

9802 ಬಂದರೆ ಆಬ್ಜೆಕ್ಟ್ ಇದೆ, ಅನುಮತಿ ಇಲ್ಲ. 9820 ಆದರೆ ಲೈಬ್ರರಿ ಬಳಸುವ ಅನುಮತಿಯೇ ಇಲ್ಲ. ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟು ಬಗೆಹರಿಸುವ ಚಾಳಿ ಯುನಿಕ್ಸ್‌ನಲ್ಲಿ 777 ಕೊಟ್ಟಷ್ಟೇ ಕೆಟ್ಟದ್ದು. ಹಕ್ಕಿನ ವಿಷಯ ಸೆಕ್ಯುರಿಟಿ ನೋಡಿಕೊಳ್ಳುವವರಿಗೇ ಬಿಡಿ.

ಎಸ್‌ಎಸ್‌ಎಚ್‌ನಲ್ಲಿ ಇನ್ನೊಂದು ಪೇಚು: ಚೈಲ್ಡ್ ಪ್ರೊಸೆಸ್ ಹುಟ್ಟಿದರೆ ಅದು ಬೇರೆಯೇ ಜಾಬ್, ಹೆಸರು ಬಹುತೇಕ ಕ್ಯುಪಿ0ಝಡ್‌ಎಸ್‌ಪಿಡಬ್ಲ್ಯುಪಿ. ನಿಮ್ಮ ಜಾಬ್‌ಲಾಗ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದರ ಜಾಬ್‌ಲಾಗ್ ತೆರೆಯಬೇಕು. ಪೇಸ್ ಶೆಲ್‌ನಿಂದ ಸಿಎಲ್ ಆಜ್ಞೆ ಓಡಿಸುವ ಸಿಸ್ಟಂ ಯುಟಿಲಿಟಿ ಮೆಸೇಜ್‌ಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ. ಯಾರಾದರೂ ಕ್ಯು ಫ್ಲ್ಯಾಗ್ ಹಾಕಿದ್ದರೆ ಅದೂ ಬಾಯಿ ಮುಚ್ಚಿಕೊಂಡಿರುತ್ತದೆ, ತೆಗೆದು ಓಡಿಸಿ. ಇನ್ನು ಪ್ರಿಂಟ್‌ಎಫ್ ಎಲ್ಲಿಗೆ ಹೋಯಿತೆಂದು ಕೇಳುವವರಿಗೆ: ಬ್ಯಾಚ್‌ನಲ್ಲಿ ಅದು ಕ್ಯುಪ್ರಿಂಟ್ ಎಂಬ ಸ್ಪೂಲ್ ಫೈಲ್ ಆಗುತ್ತದೆ. ಡಬ್ಲ್ಯುಆರ್‌ಕೆ-ಎಸ್‌ಪಿಎಲ್-ಎಫ್ ನೋಡಿ.

## ಲಕ್ಷಣ: ಎಂಸಿಎಚ್ ಮೆಸೇಜ್

ಎಂಸಿಎಚ್ 3601 ಎಂದರೆ ಪಾಯಿಂಟರ್ ಸೆಟ್ ಆಗಿಲ್ಲ. ಸೆಗ್‌ಫಾಲ್ಟ್‌ಗೆ ಹತ್ತಿರದ ನೆಂಟ. ಆರ್‌ಪಿಜಿಯಲ್ಲಾದರೆ ಕರೆದವರು ಪ್ಯಾರಾಮೀಟರ್ ಕೊಡದೇ ಬಿಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಸಿಯಲ್ಲಿ ಪೋರ್ಟ್ ಮಾಡಿದ ಕೋಡ್ ಆದರೆ ಕಾರಣ ಸಾಮಾನ್ಯವಾಗಿ ಬೇರೆ. ಇಲ್ಲಿನ ಪಾಯಿಂಟರ್ 16 ಬೈಟ್, 16ರ ಗಡಿಯಲ್ಲೇ ಕೂರಬೇಕು, ಅದು ಅಸಲಿ ಎಂದು ಹೇಳುವ ಟ್ಯಾಗ್ ಬಿಟ್ ನಿಮ್ಮ ಕಣ್ಣಿಗೆ ಕಾಣದಂತೆ ಹಾರ್ಡ್‌ವೇರ್‌ನಲ್ಲಿರುತ್ತದೆ. ಪಾಯಿಂಟರನ್ನು ಲಾಂಗ್ ಇಂಟಿಜರ್‌ಗೆ ಹಾಕಿ ವಾಪಸ್ ತೆಗೆದರೆ, ಫೈಲಿಗೆ ಬರೆದು ಓದಿದರೆ, ಬೈಟ್ ಬೈಟಾಗಿ ನಕಲು ಮಾಡಿದರೆ ಅಂಕಿ ಅದೇ ಇದ್ದರೂ ಟ್ಯಾಗ್ ಹೋಗಿರುತ್ತದೆ. ಬಳಸಿದ ಕ್ಷಣ 3601. ಗಡಿ ತಪ್ಪಿದ್ದರೆ ಎಂಸಿಎಚ್ 0602, ಹಂಚಿಕೆಯ ಜಾಗ ದಾಟಿದ್ದರೆ 0601, ಆಬ್ಜೆಕ್ಟನ್ನೇ ಅಳಿಸಿದ ಮೇಲೆ ಮುಟ್ಟಿದರೆ 3402.

ಎಂಸಿಎಚ್ 1202, ಅಂದರೆ ಡೆಸಿಮಲ್ ಡೇಟಾ ಎರರ್, ಯುನಿಕ್ಸ್‌ನವರಿಗೆ ಹೊಸದು. ಐದಂಕಿಯ ಪ್ಯಾಕ್ಡ್ (ಅರ್ಧ ಬೈಟಿಗೊಂದು ಅಂಕಿ) ಫೀಲ್ಡ್ ಎಂದರೆ 3 ಬೈಟ್. 12345 ಎಂಬುದು ಹೆಕ್ಸ್‌ನಲ್ಲಿ 12 34 5ಎಫ್. ಕೊನೆಯ ಅರ್ಧ ಬೈಟ್ ಧನವೋ ಋಣವೋ ಹೇಳುವ ಚಿಹ್ನೆ, ಅದು ಎಯಿಂದ ಎಫ್ ಒಳಗೇ ಇರಬೇಕು. ಇಲ್ಲಿ ಬಳಸುವ ಎಬ್ಸಿಡಿಕ್ ಅಕ್ಷರ ಸಂಕೇತದಲ್ಲಿ ಸ್ಪೇಸ್ ಹೆಕ್ಸ್ 20 ಅಲ್ಲ, 40. ಯಾರೋ ಇಡೀ ರೆಕಾರ್ಡನ್ನು ಸ್ಪೇಸ್‌ನಿಂದ ತುಂಬಿಸಿದರೆ ಆ ಫೀಲ್ಡ್ 40 40 40 ಆಗುತ್ತದೆ. ಕೊನೆಯ ಅರ್ಧ ಬೈಟ್ 0. ಅದು ಚಿಹ್ನೆಯೇ ಅಲ್ಲ. ಆ ಫೀಲ್ಡನ್ನು ಅಂಕಿಯಾಗಿ ಬಳಸಿದಾಗ ಜಾಬ್ ಬೀಳುತ್ತದೆ. ಡಿಎಸ್‌ಪಿ-ಪಿಎಫ್-ಎಂ ಆಜ್ಞೆಯಲ್ಲಿ ಫೈಲ್ ತೆರೆದು ಎಫ್10 ಒತ್ತಿದರೆ ಹೆಕ್ಸ್ ಕಾಣುತ್ತದೆ. ಬಿದ್ದ ಪ್ರೋಗ್ರಾಂ ತಿದ್ದಿ ಪ್ರಯೋಜನವಿಲ್ಲ, ಸ್ಪೇಸ್ ಬರೆದವರನ್ನು ಹುಡುಕಿ.

ಇನ್ನೊಂದು ದಾರಿಯಿಂದಲೂ ಇದೇ ದೋಷ ಬರುತ್ತದೆ. ಆಜ್ಞೆಯ ಸಾಲಿನಿಂದ ಕಾಲ್ ಮಾಡಿ ಅಂಕಿ ಕೊಟ್ಟರೆ, ಅದು 15 ಅಂಕಿ, 5 ದಶಮಾಂಶದ ಪ್ಯಾಕ್ಡ್ ಆಗಿ ಹೋಗುತ್ತದೆ. ಪ್ರೋಗ್ರಾಂ ಬೇರೆ ಅಳತೆ ನಿರೀಕ್ಷಿಸಿದರೆ ಕಸ ಓದುತ್ತದೆ. ಪಠ್ಯ 32 ಅಕ್ಷರಕ್ಕಿಂತ ಚಿಕ್ಕದಾದರೆ 32ರ ತನಕ ಸ್ಪೇಸ್ ತುಂಬಿ ಹೋಗುತ್ತದೆ. 50 ಅಕ್ಷರ ನಿರೀಕ್ಷಿಸುವ ಪ್ರೋಗ್ರಾಂಗೆ 20 ಅಕ್ಷರ ಕೊಟ್ಟರೆ 33ನೇ ಅಕ್ಷರದಿಂದ ಆಚೆ ಏನಿದೆಯೋ ದೇವರಿಗೇ ಗೊತ್ತು. ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಸರಿಯಾದ ಅಳತೆಯ ವೇರಿಯಬಲ್ ಡಿಕ್ಲೇರ್ ಮಾಡಿದ ಪುಟ್ಟ ಸಿಎಲ್ ಬರೆದು ಅದರಿಂದ ಕರೆಯಿರಿ, ಅಥವಾ ಅದಕ್ಕೊಂದು ಕಮಾಂಡ್ ಮಾಡಿಕೊಳ್ಳಿ.

## ಲಕ್ಷಣ: ಜಾಬ್‌ಲಾಗೇ ಇಲ್ಲ

ಸಿಸ್ಟಂನೊಂದಿಗೆ ಬರುವ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಲಾಗ್ ಮಟ್ಟ 4, ಗಂಭೀರತೆ 0, ಪಠ್ಯ *ನೋಲಿಸ್ಟ್. ಎಲ್ಲವನ್ನೂ ದಾಖಲಿಸು, ಆದರೆ ಜಾಬ್ ಸಹಜವಾಗಿ ಮುಗಿದರೆ ಕಾಗದ ಬೇಡ ಎಂದು ಇದರ ಅರ್ಥ. ಎಲ್ಲ ದೋಷಗಳನ್ನೂ ನುಂಗಿದ ಪ್ರೋಗ್ರಾಂ ಸಹಜವಾಗಿಯೇ ಮುಗಿಯುತ್ತದೆ, ಲಾಗೂ ಮಾಯ. ಮತ್ತೆ ಓಡಿಸುವ ಮುನ್ನ ಸಿಎಚ್‌ಜಿ-ಜಾಬ್ ಆಜ್ಞೆಯಲ್ಲಿ ಮೂರನೆಯದನ್ನು *ಎಸ್‌ಇಸಿಎಲ್‌ವಿಎಲ್ ಮಾಡಿ, ಸಿಎಲ್ ಆಜ್ಞೆಗಳನ್ನು ಲಾಗ್ ಮಾಡುವ ಆಯ್ಕೆಯನ್ನೂ *ಯೆಸ್ ಮಾಡಿ. ಸಮಸ್ಯೆ ಬಗೆಹರಿದ ಮೇಲೆ ಹಳೆಯ ಸ್ಥಿತಿಗೆ ತನ್ನಿ. ಇಲ್ಲದಿದ್ದರೆ ಸಾವಿರಾರು ಸ್ಪೂಲ್ ಫೈಲ್ ರಾಶಿ ಬೀಳುತ್ತದೆ.

ಮುಗಿದ ಜಾಬ್‌ನ ಲಾಗ್ ಕ್ಯುಪಿಜಾಬ್‌ಲಾಗ್ ಹೆಸರಿನ ಸ್ಪೂಲ್ ಫೈಲ್ ಆಗಿ ಬಹುತೇಕ ಕಡೆ ಕ್ಯುಇಝಡ್‌ಜಾಬ್‌ಲಾಗ್ ಔಟ್‌ಪುಟ್ ಕ್ಯೂನಲ್ಲಿರುತ್ತದೆ. ಅಲ್ಲಿ ಇಲ್ಲದಿದ್ದರೆ ಡಬ್ಲ್ಯುಆರ್‌ಕೆ-ಜಾಬ್‌ಲಾಗ್ ಹಾಕಿ, ಸ್ಪೂಲ್ ಆಗದೆ ಬಾಕಿ ಉಳಿದವೂ ಅಲ್ಲಿ ಕಾಣುತ್ತವೆ. ಏನೂ ಸಿಗದಿದ್ದರೆ ಡಿಎಸ್‌ಪಿ-ಲಾಗ್‌ನಲ್ಲಿ ಇತಿಹಾಸದ ಲಾಗ್ ತೆಗೆಯಿರಿ. ಸಿಪಿಎಫ್ 1124 ಜಾಬ್ ಶುರುವಾದದ್ದು, 1164 ಮುಗಿದದ್ದು. 1164ರಲ್ಲಿರುವ ಎಂಡ್ ಕೋಡ್ ನಿಮ್ಮ ಎಕ್ಸಿಟ್ ಕೋಡ್‌ಗೆ ಹತ್ತಿರದ್ದು: 0 ಸಹಜ, 10 ನಿಯಂತ್ರಿತವಾಗಿ ನಿಲ್ಲಿಸಿದ್ದು, 20 ಗಂಭೀರತೆಯ ಮಿತಿ ಮೀರಿದ್ದು, 30 ಅಸಹಜ ಅಂತ್ಯ. 0 ಇದ್ದರೆ ಜಾಬ್ ಮುಗಿಯಿತೆಂದಷ್ಟೇ ಅರ್ಥ, ಕೆಲಸ ಆಯಿತೆಂದಲ್ಲ.

## ಇಲ್ಲಿ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ

ಆಪರೇಟರ್ ಕ್ಯೂನಲ್ಲಿ ಸಿಪಿಎಫ್ 0907 ಅಥವಾ ಸಿಪಿಐ 0953 ಕಂಡರೆ ಅದು ಸಿಸ್ಟಂನ ಇಡೀ ಸ್ಟೋರೇಜ್ ತುಂಬುತ್ತಿರುವ ಸುದ್ದಿ, ನಿಮ್ಮ ಪ್ರೋಗ್ರಾಂನ ವಿಷಯವಲ್ಲ. ತಡಮಾಡದೆ ಸಿಸ್ಟಂ ಅಡ್ಮಿನ್‌ಗೆ ಹೇಳಿ, ಪರೀಕ್ಷೆಗೆಂದು ಇನ್ನೊಂದು ಸಲ ಬ್ಯಾಚ್ ಓಡಿಸಬೇಡಿ. ಸಿಸ್ಟಂನದೇ ಪ್ರೋಗ್ರಾಂಗಳ ನಡುವೆ ಎಂಸಿಎಚ್ ಓಡಾಡುತ್ತಿದ್ದು ನಿಮ್ಮ ಕೋಡ್ ಸ್ಟ್ಯಾಕ್‌ನಲ್ಲೇ ಇಲ್ಲದಿದ್ದರೆ ಅದು ಪಿಟಿಎಫ್ (ಐಬಿಎಂ ಕೊಡುವ ತಿದ್ದುಪಡಿ) ವಿಚಾರ, ಐಬಿಎಂ ಸಪೋರ್ಟ್‌ಗೆ ಹೋಗಬೇಕಾದದ್ದು.

ಜಾಬ್ ನಿಲ್ಲಿಸಲೇಬೇಕಾದರೆ ಎಂಡ್-ಜಾಬ್ ನಿಯಂತ್ರಿತವಾಗಿ, ಆಮೇಲೆ ಬೇಕಾದರೆ *ಇಮ್ಮೆಡ್. ಎಂಡ್-ಜಾಬ್-ಎಬಿಎನ್ ಎಂಬುದು ನಿಮ್ಮ ಮೈನಸ್ 9ಕ್ಕಿಂತ ಕ್ರೂರ. ತಕ್ಷಣದ ಎಂಡ್ ಕೊಟ್ಟು 10 ನಿಮಿಷ ಆದ ಮೇಲೆ ಮಾತ್ರ ಸಿಸ್ಟಂ ಅದಕ್ಕೆ ಒಪ್ಪುತ್ತದೆ, ಮತ್ತು ಮುಂದಿನ ಐಪಿಎಲ್ (ಸಿಸ್ಟಂನ ಬೂಟ್) ಅಸಹಜ ಎಂದು ಗುರುತಾಗುತ್ತದೆ. ಪ್ರೊಡಕ್ಷನ್‌ನಲ್ಲಿ ಅದು ಪ್ರೋಗ್ರಾಮರ್ ಕೈಗೆ ಸೇರಿದ ಆಜ್ಞೆಯೇ ಅಲ್ಲ. ಎಸ್‌ಟಿಆರ್-ಡಿಬಿಜಿ ಕೊಟ್ಟು ಡಿಬಗ್ ಮಾಡುವಾಗ ಅಪ್ಡ್‌ಪ್ರಾಡ್ *ನೋ ಎಂದು ಇರುವುದನ್ನು ಬದಲಿಸಬೇಡಿ; ಪ್ರೊಡಕ್ಷನ್ ಲೈಬ್ರರಿಯ ಫೈಲುಗಳನ್ನು ಕಾಯುವ ಬೇಲಿ ಅದು.

ಯಾರನ್ನೇ ಕರೆಯುವ ಮುನ್ನ ಕೈಯಲ್ಲಿರಬೇಕಾದದ್ದು: ಸಂಖ್ಯೆ, ಯೂಸರ್, ಹೆಸರು ಮೂರೂ ಇರುವ ಪೂರ್ತಿ ಜಾಬ್ ಹೆಸರು; ಮೊದಲ ಎಸ್ಕೇಪ್‌ನ ಐಡಿ ಮತ್ತು ಎಫ್9ರ ಪರದೆಯ ಕಳಿಸಿದ, ಪಡೆದ ಪ್ರೋಗ್ರಾಂಗಳು, ಸ್ಟೇಟ್‌ಮೆಂಟ್ ಸಂಖ್ಯೆ; ಮುದ್ರಿಸಿಕೊಂಡ ಎರಡನೇ ಹಂತದ ಪಠ್ಯಸಹಿತ ಜಾಬ್‌ಲಾಗ್; ಪ್ರಶ್ನೆಗೆ ಯಾರು ಏನು ಉತ್ತರ ಕೊಟ್ಟರು ಎಂಬುದು; ಡಬ್ಲ್ಯುಆರ್‌ಕೆ-ಪಿಟಿಎಫ್-ಜಿಆರ್‌ಪಿ ತೋರಿಸುವ ಪಿಟಿಎಫ್ ಮಟ್ಟ. ಪ್ರಶ್ನೆಗೆ ಡಿ ಅಥವಾ (ಆರ್‌ಪಿಜಿಯಲ್ಲಿ) ಎಫ್ ಎಂದು ಉತ್ತರಿಸಿ ತೆಗೆದ ಡಂಪ್ ಇದ್ದರೆ ಕಳಿಸುವ ಮುನ್ನ ತೆರೆದು ನೋಡಿ. ಅದರಲ್ಲಿ ಬಿದ್ದ ಕ್ಷಣದ ಎಲ್ಲ ಫೀಲ್ಡ್‌ಗಳ ಬೆಲೆ ಇರುತ್ತದೆ, ಅಂದರೆ ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಮೊತ್ತ ಎಲ್ಲವೂ. ಅಂಥ ಡಂಪನ್ನು ಮಾಮೂಲಿ ಇಮೇಲ್‌ನಲ್ಲಿ ಲಗತ್ತಿಸಬೇಡಿ.